ಗಾಳಿ ಬಂದಾಗ ತೂರಿಕೊಳ್ಳದ ಒಂದು ದಿನ

(ಮುಧೋಳದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಗಾಳಿ ಬಂದಾಗ ತೂರಿಕೊ ಎಂಬ ಗಾದೆಯನ್ನು ಮುಧೋಳ, ಜಮಖಂಡಿ ಸೀಮೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಕಣದಲ್ಲಿ ಜೋಳದ ರಾಶಿ ಬಿದ್ದಿರುವಾಗ ಗಾಳಿ ಬಿಟ್ಟರೆ ಉಣ್ಣುವುದನ್ನು ಬಿಟ್ಟಾದರೂ ಎದ್ದು ತೂರಬೇಕು. ರಾಜಕಾರಣದಲ್ಲಿಯೂ ಈ ಗಾದೆ ನಡೆಯುತ್ತದೆ. 1977ರ ಏಪ್ರಿಲ್ ತಿಂಗಳಲ್ಲಿ ದೆಹಲಿಯ ಹೊಸ ಸರ್ಕಾರ, ಗಾಳಿ ತನ್ನ ಕಡೆ ಇರುವಾಗಲೇ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ತೂರಿಬಿಡಲು ಹೊರಟಿತು. ಆಗ ಒಂದು ದಿನದ ಮಟ್ಟಿಗಾದರೂ ಕೈ ಅಡ್ಡ ಹಿಡಿದವರು ಜಮಖಂಡಿ ತಾಲ್ಲೂಕು ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ.

ಆ ಒಂದು ದಿನವನ್ನು ಈಗ ಯಾರೂ ಹೆಚ್ಚಾಗಿ ನೆನೆಯುವುದಿಲ್ಲ. ನೆನೆದವರೂ ನಗೆಯಾಡಿ ಬಿಡುತ್ತಾರೆ: ಸಹಿ ಹಾಕುವುದೇ ಆಗಿದ್ದರೆ ಮರುದಿನದವರೆಗೆ ಕಾಯುವುದೇಕೆ ಎಂದು. ಆದರೆ ಆ ಅನುಮಾನದ ಹಿಂದೆ ಇದ್ದ ಪ್ರಶ್ನೆ ಸಣ್ಣದಲ್ಲ. ಒಂದು ಚುನಾವಣೆಯಲ್ಲಿ ಸಿಕ್ಕ ಜನಪ್ರಿಯತೆ ಎಷ್ಟು ದೂರ ನಡೆಯುತ್ತದೆ? ಲೋಕಸಭೆಗೆ ಮತ ಹಾಕಿದವನು ತನ್ನ ರಾಜ್ಯದ ಸರ್ಕಾರದ ಬಗೆಗೂ ತೀರ್ಪು ಕೊಟ್ಟನೆಂದು ತಿಳಿಯಬಹುದೆ?

ಜತ್ತಿಯವರು ಹುಟ್ಟಿದ್ದು 1912ರಲ್ಲಿ. ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿ ಹಿಡಿದರು. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ನೆರೆಯ ಮುಧೋಳ ಘೋರ್ಪಡೆಯವರದು. ಪುರಸಭೆಯ ಸದಸ್ಯರಾಗಿ, ಅದರ ಅಧ್ಯಕ್ಷರಾಗಿ, ಸಂಸ್ಥಾನದ ಮಂತ್ರಿಯಾಗಿ, ಕೊನೆಗೆ ದಿವಾನರಾಗಿ ಅವರು ಮೆಟ್ಟಿಲು ಮೆಟ್ಟಿಲಾಗಿ ಏರಿದರು. 1948ರ ಮಾರ್ಚ್‌ನಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ಸೇರಿದಾಗ ದಿವಾನಗಿರಿ ಮುಗಿಯಿತು. ಜತ್ತಿ ಮತ್ತೆ ಕರಿಕೋಟು ತೊಟ್ಟು ಕೋರ್ಟಿಗೆ ಹೋದರು. ಆಮೇಲೆ ಮುಂಬಯಿ ವಿಧಾನಸಭೆ, ಅಲ್ಲಿ ಉಪಮಂತ್ರಿ ಪದವಿ. ಏಕೀಕರಣದ ನಂತರ ಮೈಸೂರು. ಇಲ್ಲಿ ಅವರ ಅಧ್ಯಕ್ಷತೆಯ ಸಮಿತಿ ಕೊಟ್ಟ ವರದಿಯಿಂದಲೇ 1961ರ ಭೂಸುಧಾರಣಾ ಕಾನೂನು ಹುಟ್ಟಿತು. 1958ರ ಮೇ ತಿಂಗಳಿಂದ 1962ರ ಮಾರ್ಚ್‌ವರೆಗೆ ಅವರು ಮುಖ್ಯಮಂತ್ರಿ. ಜನಸಾಗರವನ್ನು ಕುಣಿಸುವ ಭಾಷಣಕಾರರ ಪೈಕಿ ಅವರಲ್ಲ. ಗಟ್ಟಿ ಮಾತಿಗಿಂತ ಕಡತದ ಮೇಲೆ ಹೆಚ್ಚು ನಂಬಿಕೆ ಇಟ್ಟ, ಹಳೆಯ ಕಾಲದ ತಾಲ್ಲೂಕು ವಕೀಲರ ಜಾತಿಯ ರಾಜಕಾರಣಿ. ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್, ಒರಿಸ್ಸಾದ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ರಾಷ್ಟ್ರಪತಿ ಭವನದ ಹೊಣೆ ಈ ಸಾವಳಗಿಯವರ ಹೆಗಲಿಗೆ ಬಂತು.

ಮುಂದಿನ ತಿಂಗಳೇ ಚುನಾವಣೆ. ತುರ್ತುಪರಿಸ್ಥಿತಿಯ ಸಿಟ್ಟು ಉತ್ತರ ಭಾರತದಲ್ಲಿ ಹೇಗೆ ಸಿಡಿಯಿತೆಂಬುದಕ್ಕೆ ಅಂಕಿಗಳೇ ಸಾಕು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಇಲ್ಲ. ಬಿಹಾರದ 54ರಲ್ಲಿ ಒಂದೂ ಇಲ್ಲ. ಪಂಜಾಬ್, ಹರಿಯಾಣ, ಹಿಮಾಚಲಗಳಲ್ಲಿಯೂ ಸೊನ್ನೆ. ರಾಜಸ್ಥಾನ ಮತ್ತು ಮಧ್ಯಪ್ರದೇಶಗಳಲ್ಲಿ ತಲಾ ಒಂದು. ಅದೇ ವೇಳೆಗೆ ಕರ್ನಾಟಕ ಮಾಡಿದ್ದೇನು? 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಗಂಗೆಯ ಬಯಲಿನಲ್ಲಿ ಬೀಸಿದ ಬಿರುಗಾಳಿ ಕೃಷ್ಣೆ, ಘಟಪ್ರಭೆಯ ದಂಡೆಗೆ ಬರುವ ಹೊತ್ತಿಗೆ ಎಲೆ ಅಲುಗಾಡಿಸುವಷ್ಟೂ ಉಳಿದಿರಲಿಲ್ಲ. ಇಡೀ ದೇಶದ ಜನಮತ ಎಂದು ದೆಹಲಿಯವರು ಹೇಳುವಾಗ ಅದು ಯಾವ ದೇಶ ಎಂದು ಕೇಳುವ ಹಕ್ಕು ಇಲ್ಲಿಯವರಿಗೆ ಅಂದು ಇತ್ತು.

ಮೊರಾರ್ಜಿ ದೇಸಾಯಿಯವರ ಸರ್ಕಾರದ ಗೃಹಮಂತ್ರಿ ಚರಣ್ ಸಿಂಗ್ ಏಪ್ರಿಲ್ ಮಧ್ಯದಲ್ಲಿ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಲೋಕಸಭೆಯಲ್ಲಿ ನಿಮ್ಮ ಪಕ್ಷ ನೆಲಕಚ್ಚಿದೆ, ಜನರ ವಿಶ್ವಾಸ ನಿಮಗಿಲ್ಲ, ಆದ್ದರಿಂದ ವಿಧಾನಸಭೆ ವಿಸರ್ಜಿಸುವಂತೆ ನಿಮ್ಮ ರಾಜ್ಯಪಾಲರಿಗೆ ಸಲಹೆ ಮಾಡಿ ಎಂಬುದು ಅದರ ತಾತ್ಪರ್ಯ. ಆರು ರಾಜ್ಯಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ಒಮ್ಮತದಿಂದ ದಾವೆಗಳನ್ನು ವಜಾ ಮಾಡಿತು. ನ್ಯಾಯಾಲಯದ ಅಡ್ಡಿ ಕಳೆಯಿತು; ಉಳಿದದ್ದು ಸಹಿ.

ಜನತಾ ಸರ್ಕಾರದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ ಎಂಬುದನ್ನೂ ಹೇಳಬೇಕು. ಒಂಬತ್ತರಲ್ಲಿ ಏಳು ವಿಧಾನಸಭೆಗಳು 1972ರಲ್ಲಿ ಆರಿಸಿ ಬಂದವು. ಐದು ವರ್ಷದ ಲೆಕ್ಕದಲ್ಲಿ ಅವುಗಳ ಆಯುಷ್ಯ ಮುಗಿದೇಹೋಗಿತ್ತು. ವಿರೋಧ ಪಕ್ಷದ ನಾಯಕರೆಲ್ಲ ಜೈಲಿನಲ್ಲಿದ್ದಾಗ ಆದ 42ನೆಯ ತಿದ್ದುಪಡಿ ಅವುಗಳ ಅವಧಿಯನ್ನು ಆರು ವರ್ಷಕ್ಕೆ ಹಿಗ್ಗಿಸಿದ್ದರಿಂದ ಅವು ಬದುಕಿದ್ದವು. ಉದ್ರಿ ಆಯುಷ್ಯ! ಆದರೆ ಉತ್ತರ ಪ್ರದೇಶ ಮತ್ತು ಒರಿಸ್ಸಾದ ಸಭೆಗಳು 1974ರಲ್ಲಿ ಆರಿಸಿ ಬಂದಂಥವು. ಅವುಗಳ ಐದು ವರ್ಷ ಇನ್ನೂ ತುಂಬಿರಲಿಲ್ಲ. ಅವಧಿಯ ವಾದವನ್ನೇ ಸರ್ಕಾರ ಮುಂದೆ ಮಾಡಿದ್ದರೆ ಏಳು ರಾಜ್ಯಗಳಿಗೆ ನಿಲ್ಲಬೇಕಾಗಿತ್ತು. ಒಂಬತ್ತನ್ನೂ ಒಂದೇ ಹಗ್ಗದಲ್ಲಿ ಕಟ್ಟಲು ಜನವಿಶ್ವಾಸದ ವಾದವೇ ಬೇಕಾಯಿತು. ಇನ್ನೊಂದು ಲೆಕ್ಕವೂ ಇತ್ತು. ರಾಷ್ಟ್ರಪತಿಯ ಚುನಾವಣೆ ಹತ್ತಿರ ಬಂದಿತ್ತು, ಅದರಲ್ಲಿ ಶಾಸಕರಿಗೂ ಮತ ಉಂಟು. ಹಳೆಯ ಶಾಸಕರ ಬದಲು ಹೊಸ ಶಾಸಕರಿದ್ದರೆ ಯಾರಿಗೆ ಲಾಭ ಎಂಬುದು ಎಲ್ಲರಿಗೂ ತಿಳಿದಿತ್ತು.

ಏಪ್ರಿಲ್ 29ರಂದು ಮಂತ್ರಿಮಂಡಲದ ಸಲಹೆ ಜತ್ತಿಯವರ ಮೇಜಿಗೆ ಬಂತು. ಅವರು ಕೂಡಲೇ ಸಹಿ ಹಾಕಲಿಲ್ಲ. ಯೋಚಿಸಲು ಕಾಲಾವಕಾಶ ಬೇಕೆಂದರು. ದೆಹಲಿಯಲ್ಲಿ ಕೋಲಾಹಲವೆದ್ದಿತು. ಸಂವಿಧಾನದ ಪ್ರಕಾರ ಸಲಹೆಯಂತೆ ನಡೆಯುವುದು ರಾಷ್ಟ್ರಪತಿಯ ಕರ್ತವ್ಯವೆಂದು ಮಂತ್ರಿಮಂಡಲ ನೆನಪು ಮಾಡಿತು. ಏಪ್ರಿಲ್ 30ರಂದು ಸಹಿ ಬಿತ್ತು. ಒಂಬತ್ತು ವಿಧಾನಸಭೆಗಳು ವಿಸರ್ಜನೆಯಾದವು.

ಇಲ್ಲಿ ವಿಧಿಯ ಕುಚೋದ್ಯವೊಂದಿದೆ. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಬದ್ಧ ಎಂದು ಸಂವಿಧಾನದ 74ನೆಯ ವಿಧಿಯಲ್ಲಿ ಕಪ್ಪು ಅಕ್ಷರದಲ್ಲಿ ಬರೆದದ್ದು ಇಂದಿರಾ ಗಾಂಧಿಯವರ ಸರ್ಕಾರ, ಅದೇ 42ನೆಯ ತಿದ್ದುಪಡಿಯ ಮೂಲಕ. ಆ ಹಗ್ಗ ಮೊದಲು ಬಿಗಿದದ್ದು ಕಾಂಗ್ರೆಸ್ಸಿನಿಂದಲೇ ಬಂದ ಜತ್ತಿಯವರ ಕೈಗೆ.

ಜತ್ತಿಯವರ ಅನುಮಾನ ನಿಷ್ಪಕ್ಷಪಾತದ್ದೆ? ಹಾಗೆಂದು ಪ್ರಮಾಣ ಮಾಡಿ ಹೇಳುವುದು ಕಷ್ಟ. ಟೀಕಾಕಾರರ ಕೈಯಲ್ಲಿ ಒಂದು ಹಳೆಯ ಕಾಗದವಿತ್ತು. 1973ರ ಮಾರ್ಚ್‌ನಲ್ಲಿ ಒರಿಸ್ಸಾದ ಮುಖ್ಯಮಂತ್ರಿ ನಂದಿನಿ ಸತ್ಪತಿ ಬಹುಮತ ಕಳೆದುಕೊಂಡು ರಾಜೀನಾಮೆ ಕೊಟ್ಟಾಗ ಬಿಜು ಪಟ್ನಾಯಕರು ತಮಗೆ ಬಹುಮತವಿದೆಯೆಂದು ಮುಂದೆ ಬಂದರು. ಆಗ ರಾಜ್ಯಪಾಲರಾಗಿದ್ದ ಜತ್ತಿ ಅವರನ್ನು ಕರೆಯದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ವಿಧಾನಸಭೆ ಹೋಯಿತು. ಭುವನೇಶ್ವರದಲ್ಲಿ ಇಲ್ಲದ ಅನುಮಾನ ದೆಹಲಿಯಲ್ಲಿ ಹುಟ್ಟಿದ್ದು ಹೇಗೆ ಎಂದು ಜನತಾ ಪಕ್ಷದವರು ಕೇಳಿದರೆ ತಪ್ಪೆನ್ನುವಂತಿರಲಿಲ್ಲ. ಆದರೆ ಕೇಳಿದವನ ಹಿನ್ನೆಲೆ ಸರಿಯಿಲ್ಲವೆಂದ ಮಾತ್ರಕ್ಕೆ ಪ್ರಶ್ನೆ ಬಿದ್ದುಹೋಗುವುದಿಲ್ಲ. ಸಾಲಗಾರ ಹೇಳಿದರೂ ಎರಡು ಮತ್ತು ಎರಡು ನಾಲ್ಕೇ.

ಜೂನ್ ಚುನಾವಣೆಯಲ್ಲಿ ಗಾಳಿ ಇನ್ನೂ ಬೀಸುತ್ತಲೇ ಇತ್ತು. ಒಂಬತ್ತರಲ್ಲಿ ಏಳು ರಾಜ್ಯಗಳು ಜನತಾ ಪಕ್ಷದ ಕೈಗೆ ಬಂದವು. ಪಂಜಾಬಿನಲ್ಲಿ ಅಕಾಲಿಗಳು ಜನತಾದ ಜೊತೆ ಕೂಡಿ ಬಂದರು. ಪಶ್ಚಿಮ ಬಂಗಾಳದ ಮತದಾರ ಮಾತ್ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸನ್ನು ಸೋಲಿಸಿ, ಜೂನ್‌ನಲ್ಲಿ ಜನತಾವನ್ನೂ ಬಿಟ್ಟು ಎಡರಂಗವನ್ನು ಕೂಡ್ರಿಸಿದ. ಒಂದು ಚುನಾವಣೆಯ ಮಾತನ್ನು ಇನ್ನೊಂದಕ್ಕೆ ಅನುವಾದಿಸಬಾರದು ಎಂಬುದಕ್ಕೆ ಆ ರಾಜ್ಯ ಎರಡೇ ತಿಂಗಳಲ್ಲಿ ಸಾಕ್ಷಿ ನುಡಿಯಿತು.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಹೊಸ ರಾಷ್ಟ್ರಪತಿಯಾದರು. 1969ರಲ್ಲಿ ವಿ.ವಿ. ಗಿರಿಯವರೆದುರು ಸೋತಿದ್ದ ಅವರು ಈ ಸಲ ಅವಿರೋಧವಾಗಿ ಗೆದ್ದರು. ಎಲ್ಲ ಪಕ್ಷಗಳೂ ಒಪ್ಪಿದ ಮನುಷ್ಯ. ಅಂಥ ಸರ್ವಸಮ್ಮತಿಯೂ ಎಷ್ಟು ದಿನ ಬಾಳಿತು? ಅದೇ ವರ್ಷ ಡಿಸೆಂಬರ್ 31ರಂದು ಅವರ ಸಹಿಯಿಂದ ಕರ್ನಾಟಕದ ದೇವರಾಜ ಅರಸರ ಮಂತ್ರಿಮಂಡಲ ವಜಾ ಆಯಿತು, ವಿಧಾನಸಭೆಯೂ ಹೋಯಿತು. ಬಹುಮತವನ್ನು ಸದನದಲ್ಲಿ ತೋರಿಸುತ್ತೇನೆಂದ ಅರಸರಿಗೆ ಆ ಅವಕಾಶ ಸಿಗಲಿಲ್ಲ. ಎರಡು ತಿಂಗಳೊಳಗೆ ಚುನಾವಣೆ ನಡೆದು, ಅರಸರಿದ್ದ ಇಂದಿರಾ ಕಾಂಗ್ರೆಸ್ 149 ಸ್ಥಾನ ಗೆದ್ದು ಮರಳಿ ಬಂತು. ಜನತಾ ಪಕ್ಷಕ್ಕೆ 59. ನವೆಂಬರ್‌ನಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರೇ ಲೋಕಸಭೆಗೆ ಹೊರಟರು. 1979ರ ಜುಲೈಯಲ್ಲಿ ಮೊರಾರ್ಜಿ ಸರ್ಕಾರ ಬಿದ್ದಿತು. ಚರಣ್ ಸಿಂಗ್ ಪ್ರಧಾನಿಯಾಗಿ, ಸಂಸತ್ತಿಗೆ ಮುಖ ತೋರಿಸದೆಯೇ ಆಗಸ್ಟ್ 20ಕ್ಕೆ ರಾಜೀನಾಮೆ ಕೊಟ್ಟರು. ಜಗಜೀವನ ರಾಮ್ ಅವರಿಗೆ ಅವಕಾಶ ಕೊಡದೆ ಸಂಜೀವ ರೆಡ್ಡಿ ಲೋಕಸಭೆಯನ್ನು ವಿಸರ್ಜಿಸಿದಾಗ, ಎರಡು ವರ್ಷದ ಹಿಂದೆ ಅವರನ್ನು ಹೊತ್ತು ಮೆರೆಸಿದ್ದ ಜನತಾ ಪಕ್ಷದವರೇ ಅವರನ್ನು ಬೈದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. 1980ರ ಜನವರಿಯಲ್ಲಿ ಇಂದಿರಾ ಗಾಂಧಿ 353 ಸ್ಥಾನಗಳೊಂದಿಗೆ ಮರಳಿದರು. ಫೆಬ್ರವರಿ 17ರಂದು ಒಂಬತ್ತು ವಿಧಾನಸಭೆಗಳು ವಿಸರ್ಜನೆಯಾದವು. ಸಂಖ್ಯೆಯೂ ಅದೇ, ಕಾರಣವೂ ಅದೇ. 1977ರಲ್ಲಿ ಚರಣ್ ಸಿಂಗರು ಬರೆದ ತರ್ಕವನ್ನು ಅಕ್ಷರ ತಿದ್ದದೆ ಅವರ ಮೇಲೆಯೇ ತಿರುಗಿಸಲಾಯಿತು. ಜತ್ತಿಯವರ ಅನುಮಾನಕ್ಕೆ ಬೆಲೆ ಬಂದದ್ದು ಆ ದಿನ. ಅಷ್ಟು ಹೊತ್ತಿಗೆ ಅವರು ಉಪರಾಷ್ಟ್ರಪತಿ ಪದವಿಯ ಅವಧಿ ಮುಗಿಸಿ ಹೊರಬಂದಿದ್ದರು.

ಈ ತರ್ಕವನ್ನು ತನಗೆ ತಾನೇ ಹಚ್ಚಿಕೊಂಡ ಒಬ್ಬ ನಾಯಕನೂ ಕರ್ನಾಟಕದಲ್ಲಿದ್ದ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ನಾಲ್ಕೇ ಬಂದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, ಜನಾದೇಶ ಹೋಯಿತೆಂದು ತಾವಾಗಿಯೇ ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. ಯಾರೂ ಕತ್ತು ಹಿಡಿದಿರಲಿಲ್ಲ. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಅದೇ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದೆಹಲಿಗೆ ಒಂದು ಕೈ, ಬೆಂಗಳೂರಿಗೆ ಇನ್ನೊಂದು ಕೈ ಎಂದು ಕನ್ನಡ ಮತದಾರ ಮೂರು ತಿಂಗಳ ಅಂತರದಲ್ಲಿ ಬಿಡಿಸಿ ಹೇಳಿದ್ದು ಹೀಗೆ. ಹೆಗಡೆಯವರ ನಡೆ ಉದಾತ್ತವಾಗಿತ್ತು. ಅದರ ಹಿಂದಿನ ಊಹೆ ಮಾತ್ರ ಸುಳ್ಳೆಂದು ಅವರ ಗೆಲುವೇ ತೋರಿಸಿತು.

ಕೇಂದ್ರ-ರಾಜ್ಯ ಸಂಬಂಧಗಳ ಬಗೆಗಿನ ಸರ್ಕಾರಿಯಾ ಆಯೋಗ, ಲೋಕಸಭೆಯಲ್ಲಿ ಸೋತ ಒಂದೇ ಕಾರಣಕ್ಕೆ ರಾಜ್ಯ ಸರ್ಕಾರವನ್ನು ತೆಗೆಯುವುದು ಅನುಚಿತವೆಂದು ತನ್ನ ವರದಿಯಲ್ಲಿ ಹೇಳಿತು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ವಜಾ ಆದಾಗ ಮೊಕದ್ದಮೆ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಎಣಿಸುವ ಜಾಗ ರಾಜಭವನವಲ್ಲ, ಸದನ ಎಂದಿತು. ರಾಷ್ಟ್ರಪತಿಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದೆಂದು ಸ್ಪಷ್ಟಪಡಿಸಿತು. ಆ ಹೊತ್ತಿಗೆ 74ನೆಯ ವಿಧಿಯೂ ಸಡಿಲಾಗಿತ್ತು. 1978ರ 44ನೆಯ ತಿದ್ದುಪಡಿ, ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಅದನ್ನು ತಂದದ್ದು ಜತ್ತಿಯವರನ್ನು ಅವಸರಿಸಿದ ಜನತಾ ಸರ್ಕಾರವೇ. 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲಿ, 1998ರಲ್ಲಿ ಬಿಹಾರದ ವಿಷಯದಲ್ಲಿ ಕೆ.ಆರ್. ನಾರಾಯಣನ್ ಈ ಅಧಿಕಾರ ಬಳಸಿ ಕಡತ ಹಿಂದಿರುಗಿಸಿದರು. ಆಗ ಯಾರೂ ಬಾಯಿ ಬಡಿದುಕೊಳ್ಳಲಿಲ್ಲ, ಮೆಚ್ಚಿಕೊಂಡರು. ಜತ್ತಿಯವರು ಕಾನೂನಿನ ಆಸರೆಯಿಲ್ಲದೆ ಒಂದು ದಿನ ಮಾಡಿದ್ದನ್ನು ನಾರಾಯಣನ್ ಕಾನೂನಿನ ಬಲದಿಂದ ಮಾಡಿದರು. ಜತ್ತಿ ಅದನ್ನು ನೋಡುವಷ್ಟು ಕಾಲ ಬದುಕಿದ್ದರು. 1964ರಲ್ಲಿ ತಾವೇ ಕಟ್ಟಿದ ಬಸವ ಸಮಿತಿಯ ಕೆಲಸದಲ್ಲಿ ಬೆಂಗಳೂರಿನಲ್ಲಿದ್ದ ಅವರು 2002ರ ಜೂನ್ 7ರಂದು ನಿಧನರಾದರು.

ಜನಪ್ರಿಯತೆಯನ್ನು ತೂಗಿ ನೋಡುವ ವಿಷಯದಲ್ಲಿ ಈ ಸೀಮೆಯ ಮತದಾರ ಜತ್ತಿಯವರಿಗಿಂತಲೂ ಕಟ್ಟುನಿಟ್ಟು. 1962ರಲ್ಲಿ ಹೊಸದುರ್ಗದಲ್ಲಿ ಸೋತ ಎಸ್. ನಿಜಲಿಂಗಪ್ಪನವರಿಗೆ ಬಾಗಲಕೋಟೆಯ ಉಪಚುನಾವಣೆಯೇ ವಿಧಾನಸಭೆಯ ದಾರಿ ತೆರೆಯಿತು. ಅವರು ಬರುವವರೆಗೆ ಹುನಗುಂದದ ಎಸ್.ಆರ್. ಕಂಠಿ ಕೆಲವು ತಿಂಗಳು ಮುಖ್ಯಮಂತ್ರಿಯ ಕುರ್ಚಿ ಕಾದರು. ಹೊರಗಿನ ದೊಡ್ಡವರಿಗೆ ಈ ನೆಲ ಹೀಗೆ ಒಮ್ಮೆ ಮಣೆ ಹಾಕಿತ್ತು. ಆ ಧೈರ್ಯದಿಂದಲೋ ಏನೋ, 1991ರಲ್ಲಿ ಹೆಗಡೆ ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ, ಲೋಕಾಯುಕ್ತಗಳನ್ನು ತಂದ ಮನುಷ್ಯ. ಒಂದು ಕಾಲಕ್ಕೆ ಪ್ರಧಾನಿ ಪದವಿಗೂ ಹೆಸರು ಕೇಳಿಬಂದವರು. ಆದರೆ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿವಾದ, 1988ರ ದೂರವಾಣಿ ಕದ್ದಾಲಿಕೆಯ ರಾಜೀನಾಮೆ, ಜನತಾ ದಳದ ಒಳಜಗಳ ಇವೆಲ್ಲ ಸೇರಿ ಹೊಳಪು ಮಾಸಿತ್ತು. ಎದುರಿಗೆ ನಿಂತವರು ಜಮಖಂಡಿಯ ಸಿದ್ದು ನ್ಯಾಮಗೌಡ. ಸರ್ಕಾರ ಕಟ್ಟದ ಬ್ಯಾರೇಜನ್ನು ರೈತರಿಂದಲೇ ಹಣ ಕೂಡಿಸಿ, ರೈತರ ಬೆವರಿನಿಂದಲೇ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿಸಿದವರು. 1989ರಲ್ಲಿ ಮುಗಿದ ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಹೆಗಡೆಯವರ ಹೆಸರು ಪತ್ರಿಕೆಗಳಲ್ಲಿತ್ತು; ನ್ಯಾಮಗೌಡರ ನೀರು ಕಬ್ಬಿನ ಗದ್ದೆಯಲ್ಲಿತ್ತು. ಹೆಗಡೆ ಸೋತರು. ನ್ಯಾಮಗೌಡರು ನರಸಿಂಹ ರಾವ್ ಸರ್ಕಾರದಲ್ಲಿ ರಾಜ್ಯ ಸಚಿವರೂ ಆದರು.

ಗೆದ್ದವರನ್ನೂ ಈ ಕ್ಷೇತ್ರ ಬಹುಕಾಲ ತಲೆಯ ಮೇಲೆ ಹೊತ್ತುಕೊಳ್ಳಲಿಲ್ಲ. 1996ರಲ್ಲಿ ಬಾಗಲಕೋಟೆ ಜನತಾ ದಳದ ಎಚ್.ವೈ. ಮೇಟಿಯವರನ್ನು ಕಳಿಸಿತು. ಅದೇ ವರ್ಷ ಜನತಾ ದಳದಿಂದ ಹೊರಬಿದ್ದ ಹೆಗಡೆ ಲೋಕಶಕ್ತಿ ಎಂಬ ಪಕ್ಷ ಕಟ್ಟಿದರು. 1998ರ ಚುನಾವಣೆಯಲ್ಲಿ, ಏಳು ವರ್ಷದ ಹಿಂದೆ ಅವರನ್ನು ಸೋಲಿಸಿದ್ದ ಇದೇ ಬಾಗಲಕೋಟೆ, ಲೋಕಶಕ್ತಿಯ ಅಜಯಕುಮಾರ ಸರನಾಯಕರನ್ನು ಲೋಕಸಭೆಗೆ ಆರಿಸಿತು.