ಬೀದಿಯ ವೇಗವೂ ನಮ್ಮ ಬಿನ್ನಹವೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನನ್ನು ಇಂತಹ ಸಭೆಯಲ್ಲಿ ಮಾತಿಗೆ ನಿಲ್ಲಿಸಿದರೆ ಆತನು ಪಂಪನನ್ನೋ ಕುಮಾರವ್ಯಾಸನನ್ನೋ ಎತ್ತಿಕೊಳ್ಳುವನೆಂದು ತಾವು ನಿರೀಕ್ಷಿಸುವುದು ಸಹಜ. ಆದರೆ ಕಾರ್ಯದರ್ಶಿಗಳು ನನಗೆ ವಹಿಸಿದ ವಿಷಯ ಬೇರೆ: ನಮ್ಮ ಊರದಾರಿಗಳಲ್ಲಿ ಮಿತಿಮೀರಿ ಓಡುವ ವಾಹನಗಳ ವಿಚಾರವನ್ನು ಅಧಿಕಾರಿಗಳಿಗೆ ತಿಳಿಸುವ ಬಗೆ. ಇದು ನನ್ನ ವೃತ್ತಿಗೆ ಹೊರತಾದುದೆಂದು ನನಗೆ ತೋರಲಿಲ್ಲ. ಊರಿನಲ್ಲಿ ಯಾರು ಯಾವ ಅರ್ಜಿ ಬರೆದರೂ ಅದನ್ನು ತಿದ್ದಿಸಲು ಬರುವುದು ಕನ್ನಡ ಮಾಸ್ತರರ ಜಗಲಿಗೇ ಅಲ್ಲವೇ?

ಚೆರ್ಕಳದಿಂದ ಬದಿಯಡ್ಕ, ಪೆರ್ಲಗಳನ್ನು ಹಾದು, ಗಡಿ ದಾಟಿ ವಿಟ್ಲ, ಕಲ್ಲಡ್ಕಗಳಿಗೆ ಹೋಗುವ ರಸ್ತೆಯನ್ನು ತಾವೆಲ್ಲರೂ ಬಲ್ಲಿರಿ. ಅದರಿಂದ ಕವಲೊಡೆದು ತೋಟಗಳ ನಡುವೆ ಸಾಗುವ ದಾರಿಗಳನ್ನು ಅದಕ್ಕಿಂತಲೂ ಚೆನ್ನಾಗಿ ಬಲ್ಲಿರಿ. ನಮ್ಮ ಮನೆಗಳು ಬಯಲುಸೀಮೆಯವುಗಳಂತೆ ಒತ್ತೊತ್ತಾಗಿಲ್ಲ, ತೋಟಕ್ಕೊಂದು ಮನೆ. ಮನೆಯಿಂದ ಹೊರಟ ಕಾಲುದಾರಿಯು ಮುರಕಲ್ಲಿನ ಧರೆಯ ಸಂದಿನಲ್ಲಿ ಇಳಿದು ಥಟ್ಟನೆ ರಸ್ತೆಗೆ ಕೂಡುತ್ತದೆ. ಆಷಾಢದ ಮಳೆಯಲ್ಲಿ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಇಳಿಯುವ ಬಾಲಕನಿಗೆ ತಿರುವಿನಾಚೆಯ ಬಂಡಿ ಕಾಣದು. ಬಂಡಿಯವನಿಗೆ ಬಾಲಕನು ಕಾಣನು. ಹಿಂದೆ ಕೆಮ್ಮಣ್ಣಿನ ದಾರಿಯಿದ್ದಾಗ ಹೊಂಡಗಳೇ ಪೋಲೀಸಿನ ಕೆಲಸವನ್ನು ಮಾಡುತ್ತಿದ್ದವು. ನಾವೇ ಮನವಿ ಕೊಟ್ಟು ಡಾಂಬರು ಹಾಕಿಸಿಕೊಂಡೆವು. ಹೊಂಡದೊಡನೆ ಆ ಪೋಲೀಸನೂ ಹೋದನು!

ವೇಗವೆಂದರೆ ಏನೆಂಬುದನ್ನು ಅಂಕಗಣಿತದಿಂದಲೇ ನೋಡೋಣ. ಗಂಟೆಗೆ 30 ಕಿಲೋಮೀಟರು ವೇಗದ ಬಂಡಿಯು ಒಂದು ಸೆಕೆಂಡಿನಲ್ಲಿ 8 ಮೀಟರಿಗೂ ತುಸು ಹೆಚ್ಚು ಸಾಗುತ್ತದೆ; 60ರ ವೇಗದ್ದು 16 ಮೀಟರನ್ನು ಮೀರುತ್ತದೆ. ಮಗುವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಬ್ರೇಕು ಒತ್ತಿದ ಮೇಲೆ ಬಂಡಿ ನಿಲ್ಲಲು ಬೇಕಾಗುವ ದೂರವಾದರೋ, ವೇಗ ಇಮ್ಮಡಿಯಾದರೆ ನಾಲ್ಮಡಿಯಾಗುತ್ತದೆ. ಕೇರಳದಲ್ಲಿ ಶಾಲೆಗಳ ಬಳಿ 30 ಕಿಲೋಮೀಟರಿನ ಮಿತಿಯನ್ನು ವಿಧಿಸಿರುವುದು ಸುಮ್ಮನೆ ಅಲ್ಲ.

ಇಂತಹ ಒಂದು ದಾರಿಯ ವಿಷಯವಾಗಿ ಕೆಲವರು ಬರೆದ ಅರ್ಜಿಯೊಂದು ತಿದ್ದುಪಡಿಗಾಗಿ ನನ್ನ ಬಳಿಗೆ ಬಂದಿತ್ತು. ಪುಟಗಳು ಮೂರು. ವಾಹನಗಳು ಯಮದೂತರಂತೆ ಎರಗುತ್ತವೆ, ಚಾಲಕರು ಮದೋನ್ಮತ್ತರು, ಅಧಿಕಾರಿಗಳು ಕುಂಭಕರ್ಣರು, ಅಲಂಕಾರಗಳಿಗೆ ಕೊರತೆಯಿರಲಿಲ್ಲ. ಯಾವ ತಿರುವು, ಯಾವ ಹೊತ್ತು, ಎಂತಹ ವಾಹನ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಪಾಪ, ಅದನ್ನೋದಿದ ಅಧಿಕಾರಿಯು ಪೋಲೀಸರನ್ನು ಎಲ್ಲಿಗೆ ಕಳುಹಿಸಬೇಕು?

ಇಲ್ಲಿ ಎರಡು ಶಬ್ದಗಳ ವಿಚಾರವನ್ನು ಹೇಳಲು ಪಂಡಿತನಿಗೆ ಅಪ್ಪಣೆಯಾಗಬೇಕು. ‘ದೂರು’ ಎಂಬುದಕ್ಕೆ ನಿಂದೆಯೆಂಬ ಅರ್ಥವೂ ಉಂಟು. ‘ಬಿನ್ನಹ’ವಾದರೋ ಸಂಸ್ಕೃತದ ‘ವಿಜ್ಞಾಪನ’ದ ತದ್ಭವ, ತಿಳಿಯಪಡಿಸುವುದೆಂದು ಅರ್ಥ. ಆ ಮೂರು ಪುಟಗಳು ದೂರಾಗಿದ್ದವು. ಬೇಕಾದುದು ಬಿನ್ನಹ.

ಬಿನ್ನಹಕ್ಕೆ ಸಾಮಗ್ರಿಯನ್ನು ಕೂಡಿಸುವುದು ಕಷ್ಟವಲ್ಲ. ರಸ್ತೆಯ ಪಕ್ಕದಲ್ಲಿ ಟೇಪು ಹಿಡಿದು 100 ಮೀಟರು ಅಳೆದು ಎರಡು ಗುರುತುಗಳನ್ನಿಡಿ. ಅಂಗಳದಲ್ಲಿಯೇ ಕುಳಿತು, ಆ ಗುರುತಿನಿಂದ ಈ ಗುರುತಿಗೆ ಬಂಡಿ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಕೈಫೋನಿನ ಗಡಿಯಾರದಲ್ಲಿ ನೋಡಿ. 12 ಸೆಕೆಂಡಾದರೆ ವೇಗ 30. 6 ಸೆಕೆಂಡಾದರೆ 60. ಒಂದು ವಾರ, ಶಾಲೆಗೆ ಹೋಗುವ ಹೊತ್ತು ಮತ್ತು ಬಿಡುವ ಹೊತ್ತುಗಳಲ್ಲಿ ಹೀಗೆ ಬರೆದಿಟ್ಟ ಪಟ್ಟಿಯೊಂದು ಮೂರು ಪುಟದ ಉಪಮೆಗಳಿಗಿಂತ ಹೆಚ್ಚು ಮಾತಾಡುತ್ತದೆ. ಆದರೆ ಈ ಪಟ್ಟಿಯೇ ಯಾರಿಗಾದರೂ ದಂಡ ಹಾಕಿಸುವುದೆಂದು ಭಾವಿಸಬೇಡಿ. 1988ರ ಮೋಟಾರು ವಾಹನ ಕಾಯಿದೆಯ 183ನೆಯ ವಿಧಿಯಂತೆ, ಯಂತ್ರದ ಆಧಾರವಿಲ್ಲದೆ, ಒಬ್ಬನೇ ಸಾಕ್ಷಿಯು ಬಂಡಿ ವೇಗವಾಗಿತ್ತೆಂದು ತನ್ನ ಅಭಿಪ್ರಾಯ ಹೇಳಿದ ಮಾತ್ರಕ್ಕೆ ಶಿಕ್ಷೆ ವಿಧಿಸುವಂತಿಲ್ಲ. ಅದು ನ್ಯಾಯವೇ ಸರಿ. ಇಲ್ಲವಾದರೆ ಗಡಿಕಲ್ಲಿನ ಜಗಳವಿದ್ದ ನೆರೆಮನೆಯವರೆಲ್ಲ ಒಬ್ಬರ ಮೇಲೊಬ್ಬರು ವೇಗದ ಸಾಕ್ಷಿ ಹೇಳಿಯಾರು. ಆದುದರಿಂದ ನಾವು ಕೇಳಬೇಕಾದುದು ಒಬ್ಬನ ದಂಡನೆಯನ್ನಲ್ಲ. ಇಂತಹ ಸ್ಥಳದಲ್ಲಿ ಇಂತಹ ಹೊತ್ತಿನಲ್ಲಿ ವೇಗ ಅಳೆಯುವ ಯಂತ್ರದೊಡನೆ ತಪಾಸಣೆ ನಡೆಯಲಿ, ಫಲಕ ನೆಡಲಿ, ತಕ್ಕುದಾದರೆ ಉಬ್ಬು ಹಾಕಲಿ ಎಂದು ಕೇಳಬೇಕು.

ತಪಾಸಣೆಗೆ ಪೋಲೀಸು ಠಾಣೆ ಮತ್ತು ಮೋಟಾರು ವಾಹನ ಇಲಾಖೆ. ಫಲಕಕ್ಕೂ ಉಬ್ಬಿಗೂ ರಸ್ತೆ ಯಾರದೋ ಅವರು, ಎಂದರೆ ಗ್ರಾಮ ಪಂಚಾಯತು ಅಥವಾ ಲೋಕೋಪಯೋಗಿ ಇಲಾಖೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷಾ ಸಮಿತಿಗೂ ಒಂದು ಪ್ರತಿ ಹೋಗಲಿ. ಅಲ್ಲಿಯವರೆಗೆ ನಾವೇ ಕಲ್ಲುಮಣ್ಣು ಪೇರಿಸಿ ದಿಬ್ಬ ಮಾಡೋಣವೆಂಬ ಉತ್ಸಾಹ ಬೇಡ. ರಾತ್ರಿ ಆ ದಿಬ್ಬಕ್ಕೆ ಬೀಳುವವನು ಹಾಲಿನ ಕ್ಯಾನು ಹೊತ್ತ ನಮ್ಮವನೇ ಆದಾನು. ಇನ್ನೊಂದು ಸಂಶಯವನ್ನು ಗಡಿಯವರಾದ ನಾವು ಬಿಡಬೇಕು. ಬಂಡಿಯ ಫಲಕದ ಮೇಲೆ ಕೆ.ಎಲ್. 14 ಇರಲಿ, ಕೆ.ಎ. 19 ಇರಲಿ, 21 ಇರಲಿ, ತಪ್ಪು ನಡೆದ ಸ್ಥಳದ ಅಧಿಕಾರಿಗೇ ಅದರ ಮೇಲೆ ಅಧಿಕಾರವುಂಟು.

ಭಾಷೆಯ ಮಾತು ಬಂತು. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದಲೂ ಕಚೇರಿಯ ಬಾಗಿಲಲ್ಲಿ ನಮ್ಮವರ ನಾಲಿಗೆ ತಡವರಿಸುತ್ತದೆ. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಎಲ್ಲರಿಗೂ ಉಂಟು. ಆದುದರಿಂದ ಮೂಲವು ಕನ್ನಡದಲ್ಲಿಯೇ ಇರಲಿ. ಜೊತೆಗೆ ಮಲಯಾಳದ ಪ್ರತಿಯೊಂದನ್ನು ಇಡಬೇಕೇ ಎಂದು ಕೇಳುವಿರಾದರೆ, ಇಡಿರೆಂದೇ ನನ್ನ ಅಭಿಪ್ರಾಯ. ಹಕ್ಕನ್ನು ಬಿಟ್ಟುಕೊಟ್ಟಂತಾಗುವುದಿಲ್ಲ, ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಬೇಗ ಸಾಗುತ್ತದೆ. ಮಳೆಗಾಲವು ಭಾಷಾಂತರಕಾರನಿಗಾಗಿ ಕಾಯುವುದಿಲ್ಲ. ಮಲಯಾಳ, ತುಳು, ಕೊಂಕಣಿ, ಬ್ಯಾರಿ ಮನೆಯವರ ಸಹಿಗಳೂ ಅದರಲ್ಲಿ ಬೀಳಲಿ. ಅವರ ಮಕ್ಕಳೂ ಅದೇ ಧರೆಯನ್ನು ಇಳಿಯುತ್ತಾರೆ.

ಎಲ್ಲಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ಬೈಕು ಓಡಿಸುವವನು ಎಷ್ಟೋ ವೇಳೆ ಪರಊರಿನವನಲ್ಲ, ನೆರೆಮನೆಯ ಹುಡುಗ. ಅವನ ತಂದೆಯೊಡನೆ ನಾವು ಪಂಕ್ತಿಯಲ್ಲಿ ಕುಳಿತು ಉಂಡವರು. ಅರ್ಜಿ ಕೊಟ್ಟರೆ ನಂಟು ಕೆಡುತ್ತದೆ, ಸುಮ್ಮನಿದ್ದರೆ ಎದೆ ಡವಗುಟ್ಟುತ್ತದೆ. ಮೊದಲು ಆ ಮನೆಗೆ ಹೋಗಿ, ಒಬ್ಬರಲ್ಲ, ಇಬ್ಬರು ಹಿರಿಯರು ಕುಳಿತು ಮಾತಾಡಿರಿ. ಹುಡುಗನಿಗೆ 18 ತುಂಬಿಲ್ಲವಾದರೆ ಕಾಯಿದೆಯ 199ಎ ವಿಧಿಯನ್ನು ತಂದೆಗೆ ತಿಳಿಸಿರಿ. 2019ರ ತಿದ್ದುಪಡಿಯಲ್ಲಿ ಬಂದ ಆ ವಿಧಿಯಂತೆ, ತನಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದೋ ಸಿದ್ಧಪಡಿಸದ ಪೋಷಕನಿಗೆ 3 ವರ್ಷಗಳವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಬಂಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವಯಸ್ಸಿನವರೆಗೆ ಪರವಾನಗಿ ಇಲ್ಲ. ಇದು ಬೆದರಿಕೆಯಲ್ಲ, ಸುದ್ದಿ. ಆಮೇಲೂ ಬೈಕು ಹಾಗೆಯೇ ಓಡಿದರೆ ಅರ್ಜಿ ಹೋಗಲಿ. ದಾಕ್ಷಿಣ್ಯದ ಕಾಲ ಅಲ್ಲಿಗೆ ಮುಗಿಯಿತು.

ಅರ್ಜಿ ಕೊಟ್ಟ ದಿನ ತಾರೀಕು ಹಾಕಿದ ರಶೀದಿಯನ್ನು ಪಡೆಯದೆ ಮೆಟ್ಟಿಲು ಇಳಿಯಬೇಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ, ಅರ್ಜಿಯ ಗತಿ ಏನಾಯಿತೆಂದು ಕೇಳಬಹುದು. ಅದಕ್ಕೆ 30 ದಿನಗಳ ಗಡುವುಂಟು. ಮಾದರಿಯ ಬಿನ್ನಹವೊಂದನ್ನು ಒಂದೇ ಪುಟದಲ್ಲಿ ಬರೆದು ತಂದಿದ್ದೇನೆ. ಸ್ಥಳ, ಹೊತ್ತು, ಸೆಕೆಂಡುಗಳ ಜಾಗವನ್ನು ಖಾಲಿ ಬಿಟ್ಟಿದೆ. ಪ್ರತಿಗಳು ಕಾರ್ಯದರ್ಶಿಗಳ ಬಳಿ ಇವೆ. ಅಳತೆಯ ಟೇಪು ಇಲ್ಲದವರಿಗೆ ನನ್ನದನ್ನು ಕೊಡುತ್ತೇನೆ, ಹಿಂದಿರುಗಿಸುವ ಕರಾರಿನ ಮೇಲೆ.