ಹಾಕಿ ತಂಡವನ್ನು ಕಟ್ಟುವ ಬಗೆ



ಈ ದಿನ ನಾನು ಮಾತನಾಡಬೇಕೆಂದಿರುವುದು ಹಾಕಿ ಆಟದ ವಿಚಾರವಾಗಿ. ಆದರೆ ಆಟವನ್ನು ಆಡುವ ಬಗೆಯನ್ನು ಕುರಿತಲ್ಲ. ಆಡುವವರನ್ನು ಕೂಡಿಸುವ ಬಗೆಯನ್ನು ಕುರಿತು. ಹನ್ನೊಂದು ಮಂದಿ ಕೋಲು ಹಿಡಿದು ಮೈದಾನಕ್ಕೆ ಇಳಿದ ಮೇಲೆ ನಡೆಯುವುದೆಲ್ಲವೂ ನಮ್ಮ ಕಣ್ಣಿಗೆ ಬೀಳುತ್ತದೆ. ಆ ಹನ್ನೊಂದು ಮಂದಿಯೇ ಅಲ್ಲಿಗೆ ಏಕೆ ಬಂದರು, ಯಾರು ಕರೆತಂದರು, ಎಷ್ಟು ಹಣಕ್ಕೆ ಮತ್ತು ಎಷ್ಟು ಕಾಲಕ್ಕೆ, ತಮ್ಮ ಒಪ್ಪಿಗೆಯಿಂದ ಬಂದರೋ ಪರರ ಅಪ್ಪಣೆಯಿಂದ ಬಂದರೋ, ಇದಾವುದೂ ಕಾಣುವುದಿಲ್ಲ. ಸೋಲು ಗೆಲುವುಗಳ ಅರ್ಧಪಾಲು ಆ ಕಾಣದ ಎಡೆಯಲ್ಲಿಯೇ ತೀರ್ಮಾನವಾಗಿರುತ್ತದೆ ಎಂಬುದು ಬಹುಕಾಲದಿಂದ ಈ ಆಟವನ್ನು ಪ್ರೀತಿಯಿಂದ ನೋಡುತ್ತ ಬಂದಿರುವ ನನ್ನ ಅಭಿಪ್ರಾಯ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯವರಾದ ನಮಗೆ ಇದು ದೂರದ ಮಾತೆಂದು ತೋರಬಹುದು. ಆದರೆ ಒಂದು ಪಕ್ಷವನ್ನು ಬಿಟ್ಟು ಇನ್ನೊಂದನ್ನು ಸೇರುವುದೆಂದರೇನೆಂಬುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ನೆರೆಯ ನಾಲ್ಕು ತಾಲ್ಲೂಕುಗಳ ಜೊತೆಯಲ್ಲಿಯೇ ವಿಜಯನಗರ ಜಿಲ್ಲೆಗೆ ಸೇರಿತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೂರು ತಂಡಗಳ ಅಂಗಿ ತೊಟ್ಟ ಆಟಗಾರನೆಂದರೂ ಸಲ್ಲುತ್ತದೆ! ಜಾತ್ರೆಗಳಲ್ಲಿ ಡೇರೆ ಹಾಕುತ್ತಿದ್ದ ನಾಟಕ ಕಂಪನಿಗಳ ಕಥೆಯನ್ನು ಬಲ್ಲ ಹಿರಿಯರಿಗೂ ಈ ವಿಷಯ ಹೊಸದಲ್ಲ. ಒಳ್ಳೆಯ ನಟನನ್ನೋ ಹಾರ್ಮೋನಿಯಂ ಮಾಸ್ತರನ್ನೋ ಮುಂಗಡ ಹಣ ಕೊಟ್ಟು ಇನ್ನೊಂದು ಕಂಪನಿಯವರು ಕರೆದೊಯ್ಯುವುದು ಆಗ ಸಾಮಾನ್ಯವಾಗಿದ್ದಿತು.

ಪಾಶ್ಚಾತ್ಯ ದೇಶಗಳಲ್ಲಿ ಫ್ರೀ ಏಜೆಂಟ್ ಎಂಬುದೊಂದು ಮಾತುಂಟು. ಒಪ್ಪಂದದ ಅವಧಿ ತೀರಿ, ಇಷ್ಟಬಂದ ತಂಡವನ್ನು ಸೇರಲು ಅಧಿಕಾರವುಳ್ಳ ಆಟಗಾರನೆಂದು ಅದರ ಅರ್ಥ. ಸ್ವತಂತ್ರ ಆಟಗಾರನೆಂದು ನಾವು ಕರೆಯೋಣ. ಈ ಸ್ವಾತಂತ್ರ್ಯ ಸುಲಭವಾಗಿ ದೊರೆತುದಲ್ಲ. ಅಮೆರಿಕದ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ ಎಂಬಾತನನ್ನು 1969ರಲ್ಲಿ ಅವನ ಒಡೆಯರು ಅವನನ್ನು ಕೇಳದೆಯೇ ಇನ್ನೊಂದು ಊರಿನ ತಂಡಕ್ಕೆ ಕೊಟ್ಟುಬಿಟ್ಟರು. ಆತನು ಹೋಗಲೊಲ್ಲೆನೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದನು. 1972ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಅವನಿಗೆ ಸೋಲಾಯಿತು. ಅವನ ಆಟದ ಬಾಳೂ ಅಷ್ಟರಲ್ಲಿ ಮುಗಿದಿತ್ತು. ಆದರೆ 1975ರಲ್ಲಿ ಮಧ್ಯಸ್ಥರೊಬ್ಬರ ತೀರ್ಪಿನಿಂದ ಆ ಆಟದಲ್ಲಿ ಬಾಗಿಲು ತೆರೆಯಿತು. ಯೂರೋಪಿನ ಫುಟ್‌ಬಾಲಿನಲ್ಲಿ ಬಾಸ್ಮನ್ ಎಂಬ ಬೆಲ್ಜಿಯಂ ಆಟಗಾರನ ಮೊಕದ್ದಮೆಯಲ್ಲಿ 1995ರಲ್ಲಿ ಇಂಥದೇ ತೀರ್ಪು ಬಂದಿತು. ದುಡಿಯುವವನು ತನ್ನ ದುಡಿಮೆಯನ್ನು ಎಲ್ಲಿ ಮಾರಬೇಕೆಂಬುದನ್ನು ತಾನೇ ನಿಶ್ಚಯಿಸತಕ್ಕದ್ದು ನ್ಯಾಯವೇ ಸರಿ. ಈ ವಿಷಯದಲ್ಲಿ ನನಗೆ ಸಂದೇಹವಿಲ್ಲ.

ಈಗ ನಮ್ಮ ದೇಶದ ಹಾಕಿಗೆ ಬರೋಣ. ಇಲ್ಲಿ ತಂಡಗಳು ಕೂಡುವುದು ಹರಾಜಿನಿಂದ. ಹಾಕಿ ಇಂಡಿಯಾ ಲೀಗಿನ ಮೊದಲನೆಯ ಹರಾಜು 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆಯಿತು. 2017ರ ಬಳಿಕ ನಿಂತುಹೋದ ಆ ಲೀಗು ಮತ್ತೆ ಜೀವ ತಳೆದಾಗ 2024ರ ಅಕ್ಟೋಬರಿನಲ್ಲಿ ಮಹಾ ಹರಾಜೊಂದು ನಡೆಯಿತು. ಆಗ ಗಂಡಸರ ತಂಡವೊಂದಕ್ಕೆ 4 ಕೋಟಿ ರೂಪಾಯಿಗಳ ಮಿತಿ. ಕೊಳ್ಳಬೇಕಾದ ಆಟಗಾರರು 24 ಮಂದಿ. ಅವರಲ್ಲಿ 16 ಮಂದಿ ಭಾರತೀಯರು, 8 ಮಂದಿ ವಿದೇಶೀಯರು. ಭಾರತೀಯರಲ್ಲಿ ಕಡೆಯಪಕ್ಷ ನಾಲ್ವರು ಎಳೆಯರು. ಇದು ಹಣದ ಮಟ್ಟಿಗೆ ಬಹಿರಂಗವಾದ ಏರ್ಪಾಡು, ಅಷ್ಟರಮಟ್ಟಿಗೆ ಮೆಚ್ಚತಕ್ಕದ್ದು. ಆದರೆ ಹರಾಜಿನಲ್ಲಿ ಆರಿಸುವವನು ಕೊಳ್ಳುವವನೇ ಹೊರತು ಆಟಗಾರನಲ್ಲ. ಯಾವ ಊರಿಗೆ ಹೋಗುವೆನೆಂಬುದನ್ನು ಅವನು ಕೂಗು ನಿಂತ ಮೇಲೆ ತಿಳಿಯುತ್ತಾನೆ. ಆದುದರಿಂದ ಹರಾಜಿನಲ್ಲಿ ದೊಡ್ಡ ಬೆಲೆ ಬಂದವನನ್ನು ಸ್ವತಂತ್ರ ಆಟಗಾರನೆಂದು ತಿಳಿಯುವುದು ಸರಿಯಲ್ಲ.

ಇನ್ನು ಕೊಳ್ಳುವವನ ವಿವೇಕವನ್ನು ವಿಚಾರಿಸೋಣ. 4 ಕೋಟಿಯನ್ನು 24 ಮಂದಿಗೆ ಸಮನಾಗಿ ಹಂಚಿದರೆ ತಲೆಗೆ ಹದಿನಾರು ಮುಕ್ಕಾಲು ಲಕ್ಷಕ್ಕೆ ಸಮೀಪ. ಆ ಹರಾಜಿನಲ್ಲಿ ಸೂರ್ಮಾ ಎಂಬ ತಂಡದವರು ಭಾರತದ ನಾಯಕ ಹರ್ಮನ್‌ಪ್ರೀತ್ ಸಿಂಗರಿಗೆ 78 ಲಕ್ಷ ಕೊಟ್ಟರು. ಅದೇ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಉಳಿದ 23 ಮಂದಿಗೆ ಉಳಿದುದು 322 ಲಕ್ಷ, ಅಂದರೆ ತಲೆಗೆ 14 ಲಕ್ಷ. ಒಬ್ಬನಿಗೆ ಐದರಲ್ಲೊಂದು ಪಾಲು ಕೊಟ್ಟರೆ ಮಿಕ್ಕವರ ಪಾಲಿನಲ್ಲಿ ಎಷ್ಟು ಕಡಿಮೆಯಾಗುವುದೆಂಬ ಲೆಕ್ಕ ಇದು. ಆ ವೆಚ್ಚ ವ್ಯರ್ಥವೆಂದು ನಾನು ಹೇಳುವುದಿಲ್ಲ. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮಿಸಿ ಗೋಲಿಗೆ ಕಳುಹಿಸುವ ವಿದ್ಯೆ ಕೆಲವರಿಗೆ ಮಾತ್ರ ಸಿದ್ಧಿಸಿದುದು. ಆ ಕೆಲವರಲ್ಲಿ ಅವರು ಅಗ್ರಗಣ್ಯರು. ಆದರೂ 2025ರ ಫೆಬ್ರವರಿ 1ರಂದು ರೂರ್ಕೆಲಾದಲ್ಲಿ ನಡೆದ ಕಡೆಯ ಪಂದ್ಯದಲ್ಲಿ ಹೈದರಾಬಾದಿನ ತಂಡವನ್ನು 4–3ರಿಂದ ಸೋಲಿಸಿ ಗೆದ್ದವರು ಬಂಗಾಳದವರು. ಮೂರು ಗೋಲುಗಳನ್ನು ಹೊಡೆದ ಜುಗ್‌ರಾಜ್ ಸಿಂಗ್ ಅದೇ ವಿದ್ಯೆಯನ್ನು ಬಲ್ಲವರು. ಅವರಿಗೆ ಬಂಗಾಳದವರು ಕೊಟ್ಟಿದ್ದುದು 48 ಲಕ್ಷ.

ಮೊದಲನೆಯ ಹರಾಜಿನ ಕಥೆಯೂ ಹೀಗೆಯೇ. ಸರ್ದಾರ್ ಸಿಂಗರನ್ನು 78 ಸಾವಿರ ಡಾಲರುಗಳಿಗೆ ದೆಹಲಿಯವರು ಕೊಂಡರು. 2013ರಲ್ಲಿ ಗೆದ್ದವರು ರಾಂಚಿಯವರು, ಕಡೆಯ ಪಂದ್ಯದಲ್ಲಿ ಸೋತವರು ದೆಹಲಿಯವರು. ಮರುವರ್ಷ ದೆಹಲಿಯವರೇ ಗೆದ್ದರು. ಹೆಚ್ಚು ಬೆಲೆಯವನು ತಂಡಕ್ಕೆ ಕೆಡಕೂ ಅಲ್ಲ, ಗೆಲುವಿಗೆ ಹೊಣೆಯೂ ಅಲ್ಲ. ನಿಯಮಗಳು ಬದಲಾದಾಗ ಬೆಲೆಯೂ ಬದಲಾಗುತ್ತದೆ. 2016 ಮತ್ತು 2017ರಲ್ಲಿ ಈ ಲೀಗಿನವರು ಆಟದ ಓಟದಲ್ಲಿ ಬಂದ ಗೋಲನ್ನು ಎರಡೆಂದು ಎಣಿಸಿದರು, ಪೆನಾಲ್ಟಿ ಕಾರ್ನರಿನದನ್ನು ಒಂದೆಂದೇ ಎಣಿಸಿದರು. ಹಾಗಾದಾಗ ಮುಂದೆ ನಿಂತು ನುಗ್ಗುವವನ ಮೌಲ್ಯ ಏರಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 2025ರಲ್ಲಿ ಆ ನಿಯಮವಿರಲಿಲ್ಲ.

ದೀರ್ಘ ಒಪ್ಪಂದಗಳ ಅಪಾಯಕ್ಕೆ ಉತ್ತರ ಅಮೆರಿಕದ ಮಂಜುಗಡ್ಡೆಯ ಹಾಕಿ ನಿದರ್ಶನ. ಅಲ್ಲಿ ಒಪ್ಪಂದ ತೀರುವ ವೇಳೆಗೆ 27 ವರ್ಷ ವಯಸ್ಸಾದವನು, ಇಲ್ಲವೇ ಏಳು ಋತುಗಳನ್ನು ಆಡಿದವನು ಪೂರ್ಣ ಸ್ವತಂತ್ರನು. 2012ರ ಜುಲೈ 4ರಂದು ಮಿನೆಸೋಟದ ತಂಡದವರು ಪರೀಸೆ, ಸೂಟರ್ ಎಂಬ ಇಬ್ಬರು ಸ್ವತಂತ್ರ ಆಟಗಾರರಿಗೆ ತಲಾ 13 ವರ್ಷ, ತಲಾ 9 ಕೋಟಿ 80 ಲಕ್ಷ ಡಾಲರುಗಳ ಒಪ್ಪಂದ ಬರೆದುಕೊಟ್ಟರು. 2021ರಲ್ಲಿ ಇಬ್ಬರನ್ನೂ ಪರಿಹಾರ ಕೊಟ್ಟು ಕಳುಹಿಸಿಬಿಟ್ಟರು. ಆ ಒಂಬತ್ತು ಋತುಗಳಲ್ಲಿ ಅಂತಿಮ ಘಟ್ಟದ ಸರಣಿಗಳಲ್ಲಿ ಅವರು ಗೆದ್ದುದು ಎರಡನ್ನು ಮಾತ್ರ. ತಂಡದ ವೇತನಕ್ಕೆ ಅಲ್ಲಿ ಮಿತಿಯುಂಟಷ್ಟೆ. ಬಿಟ್ಟುಹೋದ ಆ ಇಬ್ಬರ ಬಾಬಿನಲ್ಲಿ 2023–24 ಮತ್ತು 2024–25ರಲ್ಲಿ ವರ್ಷಕ್ಕೆ 1 ಕೋಟಿ 47 ಲಕ್ಷ ಡಾಲರುಗಳಷ್ಟು ಮಿತಿ ಖರ್ಚಾಯಿತು. ಆಡದವರ ಲೆಕ್ಕಕ್ಕೆ ಆಡುವವರ ಪಾಲು ಹೋಯಿತು.

ಎತ್ತಿನ ಸಂತೆಯಲ್ಲಿ ನಮ್ಮ ಒಕ್ಕಲಿಗನು ಈ ತಪ್ಪನ್ನು ಮಾಡುವುದಿಲ್ಲ. ಸಂತೆಯಲ್ಲಿ ಎಲ್ಲಕ್ಕಿಂತ ಚೆಲುವಾದ ಎತ್ತು ಯಾವುದೆಂದು ಅವನು ಕೇಳುವುದಿಲ್ಲ. ಮನೆಯಲ್ಲಿರುವ ಒಂಟಿ ಎತ್ತಿಗೆ ಜೋಡಿಯಾಗುವುದು ಯಾವುದೆಂದು ಕೇಳುತ್ತಾನೆ. ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಎತ್ತರವನ್ನು ಹೋಲಿಸುತ್ತಾನೆ. ಕೊಟ್ಟೂರಿನ ತೇರಿನಲ್ಲಿಯೂ ಹಾಗೆಯೇ: ಹಗ್ಗ ಹಿಡಿಯಲು ಸಾವಿರಾರು ಕೈಗಳುಂಟು, ಗಾಲಿಗೆ ಮರದ ತುಂಡು ಕೊಟ್ಟು ದಾರಿ ತಿದ್ದಬಲ್ಲವರು ಕೆಲವರೇ. ಅವರಿಲ್ಲದೆ ಹಗ್ಗದವರ ಬಲವೆಲ್ಲ ಅನರ್ಥಕ್ಕೆ ಕಾರಣವಾದೀತು. ತಂಡ ಕಟ್ಟುವವನು ಮೊದಲು ತನ್ನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬರೆದಿಟ್ಟುಕೊಂಡು ಆಮೇಲೆ ಸಂತೆಗೆ ಹೋಗತಕ್ಕದ್ದು.

ಕೊಳ್ಳುವುದೆಂಬುದೇ ಇಲ್ಲದ ಹಾಕಿಯೂ ನಮ್ಮ ನಾಡಿನಲ್ಲಿಯೇ ಉಂಟು. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಉತ್ಸವವನ್ನು ಆರಂಭಿಸಿದರು. ಆ ವರ್ಷ ಆಡಿದವು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ 360. ತಂಡದ ಹೆಸರು ಮನೆತನದ ಹೆಸರೇ. ಎಷ್ಟು ಹಣವಿದ್ದರೂ ನೆರೆಮನೆಯ ಮುಂಪಡೆಯವನನ್ನು ಕೊಳ್ಳಲಾಗದು. ಮನೆಯಲ್ಲಿರುವ ಅಜ್ಜನಿಂದ ಮೊಮ್ಮಗಳವರೆಗೆ ಯಾರುಂಟೋ ಅವರನ್ನೇ ತಿದ್ದಿ ನಿಲ್ಲಿಸಬೇಕು. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಎಂ. ಎಂ. ಸೋಮಯ್ಯ ಮುಂತಾದವರನ್ನು ಕೊಟ್ಟ ಮಣ್ಣು ಅದು.

ಆದರೆ ಬೆಳೆದ ಪೈರು ಹೋಗುವುದೆಲ್ಲಿಗೆ? 2012ರ ಹರಾಜಿನಲ್ಲಿ ಕೊಡಗಿನ ವಿ. ಆರ್. ರಘುನಾಥರನ್ನು 76 ಸಾವಿರ ಡಾಲರುಗಳಿಗೆ ಉತ್ತರ ಪ್ರದೇಶದವರು ಕೊಂಡರು, ಎಸ್. ವಿ. ಸುನೀಲರನ್ನು 42 ಸಾವಿರ ಡಾಲರುಗಳಿಗೆ ಪಂಜಾಬಿನವರು ಕೊಂಡರು. ಕರ್ನಾಟಕದವರು ಕೊಳ್ಳಲಿಲ್ಲ, ಕೊಳ್ಳಲು ಕರ್ನಾಟಕದ ತಂಡವೇ ಇರಲಿಲ್ಲ. 2005ರಿಂದ 2008ರವರೆಗೆ ನಡೆದ ಪ್ರೀಮಿಯರ್ ಹಾಕಿ ಲೀಗಿನಲ್ಲಿ ಬೆಂಗಳೂರಿಗೊಂದು ತಂಡವಿದ್ದಿತು. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಅರ್ಜುನ್ ಹಾಲಪ್ಪನವರ ನಾಯಕತ್ವದ ಕರ್ನಾಟಕ ಲಯನ್ಸ್ ಇದ್ದಿತು. ಆ ಪಂದ್ಯಾವಳಿಯೇ ಒಂದು ವರ್ಷಕ್ಕೆ ಮುಗಿಯಿತು. 2013ರಿಂದ 2017ರವರೆಗೂ, 2024–25ರಲ್ಲಿಯೂ ಇಂಡಿಯಾ ಲೀಗಿನಲ್ಲಿ ಕನ್ನಡನಾಡಿನ ಹೆಸರಿಲ್ಲ. ನಮ್ಮ ನೆರೆಯಲ್ಲಿಯೇ ಇದಕ್ಕೊಂದು ವಿಚಿತ್ರವಾದ ಉದಾಹರಣೆಯುಂಟು. ಹರ್ಮನ್‌ಪ್ರೀತರನ್ನು ಕೊಂಡ ಸೂರ್ಮಾ ತಂಡದ ಒಡೆಯರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜೆ. ಎಸ್. ಡಬ್ಲ್ಯೂ. ಸಂಸ್ಥೆಯವರು. 2018ರಲ್ಲಿ ಅಲ್ಲಿಯೇ ದೊಡ್ಡದೊಂದು ಕ್ರೀಡಾಶಾಲೆಯನ್ನೂ ತೆರೆದು ಕುಸ್ತಿ, ಮುಷ್ಟಿಯುದ್ಧ, ಜೂಡೋ, ಓಟಗಳನ್ನು ಕಲಿಸಲಾರಂಭಿಸಿದರು. ಅವರ ಹಾಕಿ ತಂಡ ಮಾತ್ರ ಪಂಜಾಬ್ ಹರಿಯಾಣಗಳದು. ಇದು ಅವರ ದೋಷವಲ್ಲ. ಆಟವಿರುವೆಡೆಗೆ ತಂಡ ಹೋಗುತ್ತದೆ.

ಇಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಬಂದಿತು. ನಮ್ಮ ಕಡೆಯಲ್ಲಿ ಗುಳೆ ಹೋಗುವುದೆಂದರೇನೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು, ಕೆಲಸ ಸಿಕ್ಕುವ ಊರಿಗೆ ಸಂಸಾರಗಳು ಹೋಗುತ್ತವೆ. ಅವರನ್ನು ಯಾರೂ ಕಟ್ಟಿ ಎಳೆದೊಯ್ಯುವುದಿಲ್ಲ. ಹಾಗೆಂದು ಅವರು ಸ್ವತಂತ್ರವಾಗಿ ಹೋದರೆನ್ನಬಹುದೆ? ಉಳಿಯಲು ದಾರಿಯಿದ್ದೂ ಹೋದವನು ಸ್ವತಂತ್ರನು. ದಾರಿಯಿಲ್ಲದೆ ಹೋದವನದು ಗುಳೆ. ಆಟಗಾರನ ವಿಷಯದಲ್ಲಿಯೂ ಈ ಭೇದವನ್ನು ಮರೆಯಬಾರದು. ಕಾಲಿನಲ್ಲಿ ಓಟವೂ ಕೈಯಲ್ಲಿ ಚಳಕವೂ ಇರುವ ನಮ್ಮ ಹುಡುಗನೊಬ್ಬನು, ಹುಡುಗಿಯೊಬ್ಬಳು, ಹದಿನೈದನೆಯ ವಯಸ್ಸಿನಲ್ಲಿ ಆಟವನ್ನಾದರೂ ಬಿಡಬೇಕು, ಇಲ್ಲವೆ ಊರನ್ನಾದರೂ ಬಿಡಬೇಕು ಎಂದಾದರೆ ಅದನ್ನು ಆಯ್ಕೆಯೆಂದು ಕರೆಯುವುದು ಹೇಗೆ?

ಒಡಿಶಾದ ಸುಂದರ್‌ಗಢ ಜಿಲ್ಲೆಯನ್ನು ನೋಡಿರಿ. ಅಲ್ಲಿನ ಹಳ್ಳಿಗಳಲ್ಲಿ ಗೆದ್ದ ತಂಡಕ್ಕೆ ಆಡನ್ನು ಬಹುಮಾನವಾಗಿಟ್ಟು ಪಂದ್ಯಗಳನ್ನು ಆಡಿಸುವ ರೂಢಿಯುಂಟು. ಬಡ ಆದಿವಾಸಿ ಮನೆಗಳ ಮಕ್ಕಳು ಬಿದಿರು ಕೋಲಿನಿಂದ ಆಟ ಕಲಿತರು. ಭಾರತದ ನಾಯಕರಾಗಿದ್ದ ದಿಲೀಪ್ ಟಿರ್ಕಿಯವರ ಹಳ್ಳಿಯವರೇ ಅಮಿತ್ ರೋಹಿದಾಸ್. 2024ರಲ್ಲಿ ತಮಿಳುನಾಡಿನ ತಂಡದವರು ಅವರಿಗೆ 48 ಲಕ್ಷ ಕೊಟ್ಟರು. ಅವರೂ ಹೊರಗೆ ಹೋದವರೇ. ಆದರೆ ಸರ್ಕಾರದ ಕ್ರೀಡಾನಿಲಯವೂ ಆ ಜಿಲ್ಲೆಯಲ್ಲಿಯೇ ಉಂಟು. ಒಡಿಶಾಕ್ಕೆ ತನ್ನದೇ ತಂಡವೂ ಉಂಟು. 2023ರಲ್ಲಿ ತೆರೆದ ರೂರ್ಕೆಲಾದ ಮಹಾ ಕ್ರೀಡಾಂಗಣವಿರುವುದೂ ಅಲ್ಲಿಯೇ. ಹೋದವನು ಮರಳಿ ಬಂದು ತನ್ನವರ ಮುಂದೆ ಆಡಬಲ್ಲನು. ಇದು ಗುಳೆಯಲ್ಲ.

ನಮ್ಮ ಐದು ತಾಲ್ಲೂಕುಗಳು ಇದರಿಂದ ಕಲಿಯತಕ್ಕದ್ದೇನು? 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ದೊಡ್ಡ ಹಾಕಿ ಕೃತಕ ಹಾಸಿನ ಮೇಲೆಯೇ ನಡೆಯುತ್ತಿದೆ. ಮಣ್ಣಿನಲ್ಲಿ ಮಾತ್ರ ಕಲಿತವನಿಗೆ ಅಲ್ಲಿ ಚೆಂಡಿನ ವೇಗವೇ ಹೊಸದು. ಪೂರ್ಣ ಮೈದಾನ 91 ಮೀಟರು ಉದ್ದ, 55 ಮೀಟರು ಅಗಲ, ವೆಚ್ಚ ದೊಡ್ಡದು. ಆದರೆ ಐವರು ಆಡುವ ಹಾಕಿಯೊಂದುಂಟು. 2024ರಲ್ಲಿ ಮಸ್ಕತ್ತಿನಲ್ಲಿ ಅದರ ವಿಶ್ವಕಪ್ ನಡೆದು ನಮ್ಮ ಹೆಣ್ಣುಮಕ್ಕಳು ಎರಡನೆಯ ಸ್ಥಾನ ಪಡೆದರು. ಅದಕ್ಕೆ ಸುಮಾರು 48 ಮೀಟರು ಉದ್ದ, 32 ಮೀಟರು ಅಗಲದ ಹಾಸು ಸಾಕು. ಅಂದರೆ ಪೂರ್ಣ ಮೈದಾನದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಐದು ತಾಲ್ಲೂಕುಗಳೂ ಒಂದಾಗಿ ಅಂಥದೊಂದನ್ನು ಕೇಳಬಹುದು. ತಾಲ್ಲೂಕಿಗೊಬ್ಬ ಆಟದ ಉಪಾಧ್ಯಾಯನನ್ನು ಕೇಳಬಹುದು. ಮೈಲಾರದ, ಕೊಟ್ಟೂರಿನ ಜಾತ್ರೆಗಳ ಕಾಲದಲ್ಲಿ ಶಾಲೆಗಳ ನಡುವೆ ಪಂದ್ಯಗಳನ್ನು ನಾವೇ ಏರ್ಪಡಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಕೊಳ್ಳುವವರು ಕೊಳ್ಳಲಿ, ಬೆಲೆ ಬಂದವರು ಸಂತೋಷದಿಂದ ಹೋಗಲಿ. ಯಾವ ಆಟಗಾರನನ್ನೂ ಊರಿನ ಅಭಿಮಾನದ ಹೆಸರಿನಲ್ಲಿ ಕಟ್ಟಿಹಾಕುವುದು ಬೇಡ. ಆದರೆ ತಂಡವೆಂಬುದು ಹರಾಜಿನ ದಿನ ಹುಟ್ಟುವ ವಸ್ತುವಲ್ಲ. ಅದು ಹುಟ್ಟುವುದು ಹತ್ತು ವರ್ಷಗಳಿಗೆ ಮೊದಲು, ಯಾವುದೋ ಶಾಲೆಯ ಬಯಲಿನಲ್ಲಿ, ಮಗುವೊಂದರ ಕೈಗೆ ಕೋಲು ಕೊಟ್ಟ ದಿನ. ಆ ದಿನವನ್ನು ನಮ್ಮ ಸೀಮೆಯಲ್ಲಿ ತರುವುದು ನಮ್ಮ ಕೈಯಲ್ಲಿದೆ.