ಹಬ್ಬ ಮುಗಿದ ಮೇಲೆ ನದಿದಂಡೆ ಯಾರದು?



ಜಾಗತಿಕ ವಸ್ತುಪ್ರದರ್ಶನಗಳು ನಗರದ ಭಾಗ್ಯವನ್ನೇ ಬದಲಿಸುತ್ತವೆ ಎಂಬ ಮಾತು ಆಡಳಿತ ವಲಯಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ಅರ್ಧಸತ್ಯವೆಂದು ನನ್ನ ಭಾವನೆ. ನಿದರ್ಶನಕ್ಕೆ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರವನ್ನು ತೆಗೆದುಕೊಳ್ಳುತ್ತೇನೆ.

ಬ್ರಿಸ್ಬೇನ್ ನದಿಯ ದಕ್ಷಿಣ ದಂಡೆ ಒಂದು ಕಾಲಕ್ಕೆ ಹಡಗುಕಟ್ಟೆಗಳ, ಉಗ್ರಾಣಗಳ ಪ್ರದೇಶ. ಬಂದರಿನ ವ್ಯವಹಾರ ನದೀಮುಖದತ್ತ ಸರಿದಂತೆ ಅದು ಕಳೆಗುಂದಿತು. 1974ರ ಮಹಾಪೂರ ಮತ್ತಷ್ಟು ಹಾನಿ ಮಾಡಿತು. ಸುತ್ತಮುತ್ತಲ ಅಗ್ಗದ ಬಾಡಿಗೆ ಕೋಣೆಗಳಲ್ಲಿ ಬಡವರು ಬದುಕಿದ್ದರು. ಇಲ್ಲಿನ ಸುಮಾರು 40 ಹೆಕ್ಟೇರ್ ನೆಲದಲ್ಲಿ 1988ರ ಏಪ್ರಿಲ್ 30ರಿಂದ ಅಕ್ಟೋಬರ್ 30ರವರೆಗೆ ಪ್ರದರ್ಶನ ನಡೆಯಿತು. ‘ತಂತ್ರಜ್ಞಾನದ ಯುಗದಲ್ಲಿ ವಿರಾಮ’ ಎಂಬುದು ಅದರ ವಿಷಯ. ಪ್ರೇಕ್ಷಕರ ಭೇಟಿಗಳ ಸಂಖ್ಯೆ 1.5 ಕೋಟಿಯನ್ನು ಮೀರಿತು.

ಅದರ ಸಾಂಸ್ಕೃತಿಕ ಪರಿಣಾಮವನ್ನು ಅರಿಯಲು ಹಿನ್ನೆಲೆಯನ್ನು ನೆನೆಯಬೇಕು. ಆ ನಗರ ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಜಧಾನಿ. ಅಲ್ಲಿ ದೀರ್ಘಕಾಲ ಮುಖ್ಯಮಂತ್ರಿಯ ಸ್ಥಾನದಲ್ಲಿದ್ದ ಜೋ ಬಿಯೆಲ್ಕಿ-ಪೀಟರ್ಸನ್ 1977ರಲ್ಲಿ ರಾಜಕೀಯ ಮೆರವಣಿಗೆಗಳನ್ನು ನಿಷೇಧಿಸಿದ್ದರು. ಬೀದಿಯಲ್ಲಿ ಜನ ಕೂಡುವುದನ್ನು ಸರ್ಕಾರವೇ ಸಂಶಯದಿಂದ ಕಂಡಿದ್ದ ಊರಿನಲ್ಲಿ, ಆರು ತಿಂಗಳ ಕಾಲ ಜನ ಇರುಳು ಹೊತ್ತು ನದಿಯ ಬದಿಯಲ್ಲಿ ಕಲೆತು, ಉಂಡು, ಸಂಗೀತ ಕೇಳಿದರು. ಆ ರುಚಿ ಹತ್ತಿದ ಮೇಲೆ ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ.

ಪ್ರದರ್ಶನದ ನಂತರ ಆ ನೆಲವನ್ನು ವಾಣಿಜ್ಯ ಕಟ್ಟಡಗಳಿಗೆ ಒಪ್ಪಿಸುವ ಆಲೋಚನೆ ಸರ್ಕಾರಕ್ಕಿತ್ತು. ನಾಗರಿಕರು ಪ್ರತಿಭಟಿಸಿದರು, ಸರ್ಕಾರ ಮಣಿಯಿತು. 1989ರಲ್ಲಿ ಸೌತ್ ಬ್ಯಾಂಕ್ ಕಾರ್ಪೊರೇಷನ್ ಸ್ಥಾಪನೆಗೊಂಡು, 1992ರಲ್ಲಿ ಸಾರ್ವಜನಿಕ ಉದ್ಯಾನ ತೆರೆಯಿತು. ನೇಪಾಳದ ಕುಶಲಕರ್ಮಿಗಳು ಕೆತ್ತಿದ ಮರದ ಪಗೋಡ ಜನರ ಸಹಿಸಂಗ್ರಹದಿಂದ ಅಲ್ಲಿಯೇ ಉಳಿಯಿತು. ಆದುದರಿಂದ ಇಂದಿನ ದಂಡೆ ಪ್ರದರ್ಶನದ ಕೊಡುಗೆ ಎನ್ನುವುದಕ್ಕಿಂತ ಜನರ ಹಟದ ಫಲ ಎನ್ನುವುದೇ ಸರಿ.

ಈ ಗೆಲುವಿಗೂ ಒಂದು ಮಿತಿಯಿದೆ. ಪ್ರದರ್ಶನ ಸಮೀಪಿಸಿದಂತೆ ಬಾಡಿಗೆ ಏರಿತು. ಹಲವು ಬಡ ಬಾಡಿಗೆದಾರರು ನೆಲೆ ಕಳೆದುಕೊಂಡರು. ಉದ್ಯಾನ ತೆರೆಯುವ ವೇಳೆಗೆ ಅವರು ಆ ನೆರೆಹೊರೆಯವರಾಗಿ ಉಳಿದಿರಲಿಲ್ಲ. ಭೂಮಾಲೀಕನಿಗೆ ದಾಖಲೆಯಿದೆ, ಬಾಡಿಗೆದಾರನಿಗೆ ಇರುವುದು ವಾಸದ ನೆನಪು ಮಾತ್ರ.

ಪರಊರುಗಳಲ್ಲಿ ನೆಲೆನಿಂತ ನಮ್ಮಲ್ಲಿ ಬಹುಮಂದಿ ಬಾಡಿಗೆ ಮನೆಯಿಂದಲೇ ಬದುಕು ಆರಂಭಿಸಿದವರು. ಪುಣೆಯ ಮುಳಾ-ಮುಠಾ, ಹೈದರಾಬಾದಿನ ಮೂಸಿ ದಂಡೆಗಳಿಗೂ ಇಂದು ಯೋಜನೆಗಳಿವೆ. ಅವುಗಳ ನಕ್ಷೆಯಲ್ಲಿ ಕಾರಂಜಿ ಎಲ್ಲಿದೆಯೆಂದು ನೋಡುವ ಮೊದಲು, ಅಲ್ಲಿ ಈಗ ವಾಸಿಸುವವರು ಎಲ್ಲಿಗೆ ಹೋಗುತ್ತಾರೆಂದು ನಾವು ಕೇಳಬೇಕು. ಆ ನಗರಗಳ ಅನ್ನ ಉಂಡ ನಮಗೆ ಹಾಗೆ ಕೇಳುವ ಹಕ್ಕೂ ಇದೆ, ಹೊಣೆಯೂ ಇದೆ.